ಸರಕಾರ ಸಾಕಿದ ಮಗ

ಪತ್ರಗಳು ಸಾಹಿತ್ಯವಾಗುವುದುಂಟು. ಆದರೆ ಬರೆದವನು ಸೆರೆಯಾಳು, ಪಡೆದವನು ದೇಶದ ಪ್ರಖ್ಯಾತ ಕಾದಂಬರಿಕಾರ ಎಂದಾಗ, ಓದುಗನ ಕಣ್ಣಿಗೆ ಕೃತಿಗಿಂತ ಅದರ ಹಿಂದಿನ ಕಥೆಯೇ ದೊಡ್ಡದಾಗಿ ಕಾಣುವ ಅಪಾಯವಿದೆ. ಜ್ಯಾಕ್ ಹೆನ್ರಿ ಅಬಟ್ ಎಂಬ ಅಮೆರಿಕದ ಕೈದಿ ನಾರ್ಮನ್ ಮೇಲರನಿಗೆ ಬರೆದ ಪತ್ರಗಳಿಂದ ಆಯ್ದು 1981ರಲ್ಲಿ ಹೊರತಂದ ‘ಇನ್ ದ ಬೆಲ್ಲಿ ಆಫ್ ದ ಬೀಸ್ಟ್’—ಮೃಗದ ಹೊಟ್ಟೆಯಲ್ಲಿ—ಎಂಬ ಗ್ರಂಥಕ್ಕೆ ಆದದ್ದು ಇದೇ. ಅದನ್ನು ಹೊಗಳಿದವರಾಗಲಿ, ಆಮೇಲೆ ತೆಗಳಿದವರಾಗಲಿ ಅದರ ಅತ್ಯುತ್ತಮ ಭಾಗಕ್ಕೆ ತಕ್ಕಷ್ಟು ಗಮನ ಕೊಡಲಿಲ್ಲವೆಂದು ನಮ್ಮ ಅಭಿಪ್ರಾಯ.

ಅಬಟ್ ಹುಟ್ಟಿದ್ದು 1944ರಲ್ಲಿ. ಎಳವೆಯಲ್ಲಿಯೇ ಸಾಕುಮನೆಗಳ ಪಾಲಾದ. 12ನೆಯ ವಯಸ್ಸಿನಿಂದ ತನ್ನ ಬಾಳೆಲ್ಲ ಬಂಧನದಲ್ಲಿಯೇ ಕಳೆಯಿತೆಂದು ಅವನೇ ಹೇಳುತ್ತಾನೆ. ಯೂಟಾ ಸಂಸ್ಥಾನದ ಬಾಲಕರ ಸುಧಾರಣಾ ಶಾಲೆಯಲ್ಲಿ ಬೆಳೆದು, 18 ತುಂಬಿತೆಂಬ ಕಾರಣಕ್ಕೆ ಹೊರಬಿದ್ದ. ಕೆಲವೇ ತಿಂಗಳಲ್ಲಿ, ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ಬರೆದ ತಪ್ಪಿಗೆ ದೊಡ್ಡವರ ಸೆರೆಮನೆ ಸೇರಿದ. ಅಲ್ಲಿ ಸಹಕೈದಿಯೊಬ್ಬನನ್ನು ಇರಿದು ಕೊಂದ. 1971ರಲ್ಲಿ ತಪ್ಪಿಸಿಕೊಂಡು ಹೋಗಿ ಬ್ಯಾಂಕು ದೋಚಿ ಮತ್ತೆ ಸಿಕ್ಕಿಬಿದ್ದ. 12ರಿಂದ 37ರವರೆಗೆ ಅವನು ಹೊರಗಿದ್ದ ದಿನಗಳನ್ನೆಲ್ಲ ಕೂಡಿಸಿದರೂ ಒಂದು ವರ್ಷ ತುಂಬದು. ತನ್ನಂಥವನಿಗೆ ಅವನು ಕೊಡುವ ಹೆಸರು ‘ಸರಕಾರ ಸಾಕಿದ ಕೈದಿ’.

ಗ್ರಂಥದಲ್ಲಿ ಮೂರು ಬಗೆಯ ಬರವಣಿಗೆಯಿದೆ. ಕತ್ತಲೆಕೋಣೆ, ಅರೆಹೊಟ್ಟೆ, ಏಕಾಂತ ಶಿಕ್ಷೆಗಳ ವರ್ಣನೆ ಒಂದು. ಅದು ಓದುಗನನ್ನು ನಡುಗಿಸುತ್ತದೆ. ಮಾರ್ಕ್ಸನನ್ನು ಹಿಡಿದು ನಡೆಸುವ ತತ್ತ್ವಚರ್ಚೆ ಮತ್ತೊಂದು. ಇಲ್ಲಿ ಅಬಟ್ ಗುರುವಿಲ್ಲದೆ ಓದಿದವನ ಹಟದಿಂದ ಮಾತನಾಡುತ್ತಾನೆ, ಶಬ್ದ ಹೆಚ್ಚು, ಹುರುಳು ಕಡಮೆ. ಮೂರನೆಯದು, ಸರಕಾರವೇ ತಾಯಿತಂದೆಯಾದಾಗ ಮಗು ಏನಾಗುತ್ತದೆಂಬ ನಿರೂಪಣೆ. ಪುಟಗಳ ಲೆಕ್ಕದಲ್ಲಿ ಇದು ಚಿಕ್ಕದು, ಬೆಲೆಯಲ್ಲಿ ಮಿಗಿಲಾದದ್ದು. ವಯಸ್ಸು ಮೂವತ್ತೇಳಾದರೂ ತನ್ನ ರಾಗದ್ವೇಷಗಳು ಹುಡುಗನವೇ ಆಗಿ ಉಳಿದಿವೆ ಎಂದು ಅವನು ಒಪ್ಪುತ್ತಾನೆ. ತಾನು ಬಳಸುವ ಎಷ್ಟೋ ಶಬ್ದಗಳನ್ನು ಪುಸ್ತಕದಲ್ಲಿ ಕಂಡಿದ್ದೇನೆಯೇ ಹೊರತು ಯಾರ ಬಾಯಿಂದಲೂ ಕೇಳಿಲ್ಲವೆನ್ನುತ್ತಾನೆ. ಮನೆಯ ಮಾತು ಕೇಳಿ ಬೆಳೆಯದವನ ಸ್ಥಿತಿಯನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ. ಇಲ್ಲಿ ಅವನಲ್ಲಿ ಆಡಂಬರವಿಲ್ಲ.

ಆದರೆ ಮೇಲರನೂ ಅವನ ಬಳಗವೂ ಮೆಚ್ಚಿದ್ದು ಇದನ್ನಲ್ಲ. ಅವರನ್ನು ಮರುಳುಮಾಡಿದ್ದು ರೌದ್ರ. ಒಬ್ಬ ಕೈದಿ ಇನ್ನೊಬ್ಬನನ್ನು ಚಾಕುವಿನಿಂದ ಹೇಗೆ ಕೊಲ್ಲುತ್ತಾನೆಂಬುದರ ಸೂಕ್ಷ್ಮ ವರ್ಣನೆ. ಮೇಲರನ ಶಿಫಾರಸೂ ಸೇರಿ 1981ರ ಜೂನಿನಲ್ಲಿ ಅಬಟ್ ನ್ಯೂಯಾರ್ಕಿಗೆ ಬಂದ. ಜುಲೈ 18ರ ಬೆಳಗಿನ ಜಾವ ಒಂದು ಸಣ್ಣ ಹೋಟೆಲಿನಲ್ಲಿ, ಕಕ್ಕಸು ಉಪಯೋಗಿಸುವ ಮಾತಿಗೆ ಜಗಳ ಹುಟ್ಟಿ, ಅಲ್ಲಿ ಬಡಿಸುತ್ತಿದ್ದ 22 ವರ್ಷದ ತರುಣನನ್ನು ಇರಿದು ಕೊಂದ. ಮರುದಿನ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಭಾನುವಾರದ ಪುಸ್ತಕ ಪುರವಣಿಯಲ್ಲಿ ಗ್ರಂಥದ ಪ್ರಶಂಸೆ ಅಚ್ಚಾಗಿ ಬಂತು. ಸಂಸ್ಕೃತಿಗಾಗಿ ಸ್ವಲ್ಪ ಅಪಾಯವನ್ನು ಸಹಿಸಬಹುದೆಂಬ ಅರ್ಥದ ಮಾತನ್ನು ಮೇಲರ್ ವಿಚಾರಣೆಯ ಕಾಲದಲ್ಲಿ ಆಡಿದ. ಸತ್ತ ತರುಣನೂ ನಟ, ನಾಟಕಕಾರ. ಸಂಸ್ಕೃತಿಯ ಲೆಕ್ಕದಲ್ಲಿ ಅವನಿಗೆ ಎಲ್ಲಿಯೂ ಜಾಗ ಸಿಗಲಿಲ್ಲ.

ದಿಟ್ಟಿಸಿ ನೋಡಿದವನೆಲ್ಲ ಕೊಲ್ಲಲು ಬಂದವನೆಂದು ಸೆರೆಮನೆ ಕಲಿಸುತ್ತದೆಂದು ಗ್ರಂಥವೇ ಹೇಳಿತ್ತು. ಓದುಗರು ಅದನ್ನು ಶೈಲಿಯೆಂದು ಸವಿದರು, ಎಚ್ಚರಿಕೆಯೆಂದು ತಿಳಿಯಲಿಲ್ಲ. ಇದರಿಂದ ಕೊಲೆಗಾರನ ಹೊಣೆ ಕಳೆಯುವುದಿಲ್ಲ. ಅಬಟ್ ಮಾತ್ರ ಕಡೆಯವರೆಗೂ ಆ ಹೊಣೆಯನ್ನು ಪೂರ್ತಿ ಹೊರಲಿಲ್ಲ. ಅವನ ಎರಡನೆಯ ಗ್ರಂಥ, 1987ರ ‘ಮೈ ರಿಟರ್ನ್’, ಸೋತದ್ದೂ ಅದರಿಂದಲೇ. 2002ರಲ್ಲಿ ಸೆರೆಮನೆಯಲ್ಲಿಯೇ ಅವನು ಆತ್ಮಹತ್ಯೆ ಮಾಡಿಕೊಂಡ.

ಈ ಬಗೆಯ ತಪ್ಪು ಓದು ಅಮೆರಿಕಕ್ಕೆ ಮಾತ್ರ ಸೇರಿದ್ದಲ್ಲ. ಫ್ರಾನ್ಸಿನ ಜಾನ್ ಜೆನೆಯೂ ಸರಕಾರದ ಮಗನೇ. 1910ರಲ್ಲಿ ಹುಟ್ಟಿದ ಅವನನ್ನು ತಾಯಿ ಏಳು ತಿಂಗಳ ಕೂಸಾಗಿದ್ದಾಗ ಅನಾಥರಕ್ಷಣೆಯ ಇಲಾಖೆಗೆ ಒಪ್ಪಿಸಿದಳು. ಮುಂದೆ ಕಳ್ಳನಾಗಿ ಸೆರೆಮನೆಗಳನ್ನು ಸುತ್ತಿ, ಅಲ್ಲಿಯೇ ಕಾದಂಬರಿ ಬರೆದ. ಹತ್ತು ವರ್ಷದ ಹುಡುಗನನ್ನು ಯಾರೋ ಕಳ್ಳನೆಂದು ಕರೆದರು, ಅವನು ಆ ಹೆಸರನ್ನೇ ಆರಿಸಿಕೊಂಡ ಎಂದು ಸಾರ್ತ್ರ್ 1952ರಲ್ಲಿ ಒಂದು ಮಹಾಗ್ರಂಥವನ್ನೇ ಕಟ್ಟಿದ. ಎಡ್ಮಂಡ್ ವೈಟ್ 1993ರಲ್ಲಿ ಪ್ರಕಟಿಸಿದ ಜೀವನಚರಿತ್ರೆ ಬೇರೆ ಚಿತ್ರ ಕೊಡುತ್ತದೆ. ಮೋರ್ವಾಂ ಸೀಮೆಯ ಹಳ್ಳಿಯಲ್ಲಿ ಬಡಗಿಯೊಬ್ಬನ ಮನೆಯಲ್ಲಿ ಜೆನೆ ಅಕ್ಕರೆಯಿಂದ ಬೆಳೆದ, ಶಾಲೆಯಲ್ಲಿ ಜಾಣನೆನಿಸಿಕೊಂಡ. 13 ವರ್ಷಕ್ಕೆ ಹುಡುಗರನ್ನು ದುಡಿಮೆಗೆ ಹಚ್ಚುವುದು ಇಲಾಖೆಯ ಪದ್ಧತಿ. ಅದರಂತೆ 1924ರಲ್ಲಿ ಅಚ್ಚುಮೊಳೆಯ ಕೆಲಸ ಕಲಿಯಲು ದೂರ ಕಳಿಸಿದರು. ಕೆಲವೇ ದಿನಗಳಲ್ಲಿ ಅವನು ಅಲ್ಲಿಂದ ಓಡಿದ. ಅಲೆದಾಟದ ಕೊನೆಗೆ, 1926ರಲ್ಲಿ, ಮೆಟ್ರೆಯ ಬಾಲಕರ ದಂಡನಾಶಿಬಿರ.

ಸೂತನ ಮನೆಯಲ್ಲಿ ಬೆಳೆದ ಕರ್ಣನಿಗೆ ರಾಧೆಯೆಂಬ ತಾಯಿಯಿದ್ದಳು. ಅವನು ಕೊನೆಯವರೆಗೂ ರಾಧೇಯನೇ. ಹೆತ್ತವಳು ಬಿಟ್ಟರೂ ಸಾಕಿದವಳ ಹೆಸರು ಅವನ ಜೊತೆಗಿತ್ತು. ಜೆನೆಗೂ ಅಂಥ ಮನೆಯೊಂದು ಸಿಕ್ಕಿತ್ತು, ನಿಯಮ ಅದನ್ನು ಬಿಡಿಸಿತು. ಅಬಟ್‌ನಿಗೆ ಅದೂ ನಿಲ್ಲಲಿಲ್ಲ. ಒಬ್ಬನಿಗೆ 13, ಇನ್ನೊಬ್ಬನಿಗೆ 18. ಸರಕಾರವೆಂಬ ತಾಯಿಗೆ ಮಗನ ವಯಸ್ಸು ಗೊತ್ತು, ಮಗ ಗೊತ್ತಿಲ್ಲ.

ಇವರಿಬ್ಬರೂ ಬರೆಯಬಲ್ಲವರಾದ್ದರಿಂದ ನಮಗೆ ತಿಳಿದರು. ಬರೆಯದವರ ಸಂಖ್ಯೆ ದೊಡ್ಡದು. ಇಂಗ್ಲೆಂಡ್ ಮತ್ತು ವೇಲ್ಸಿನ ಕೈದಿಗಳನ್ನು ವಿಚಾರಿಸಿ ಅಲ್ಲಿನ ನ್ಯಾಯಾಂಗ ಸಚಿವಾಲಯ 2012ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ನೂರಕ್ಕೆ 24 ಮಂದಿ ಬಾಲ್ಯದಲ್ಲಿ ಸರಕಾರದ ಪೋಷಣೆಯಲ್ಲಿ ಇದ್ದವರು. ಸಾಕುಮನೆಯಲ್ಲಿ ಬೆಳೆದವರೆಲ್ಲ ಅಪರಾಧಿಗಳಾಗುತ್ತಾರೆಂದು ಇದರ ಅರ್ಥವಲ್ಲ, ಹೆಚ್ಚಿನವರು ಆಗುವುದಿಲ್ಲ. ಆದರೆ ಸೆರೆಮನೆಯ ಬಾಗಿಲಿಗೆ ಬಂದವರಲ್ಲಿ ಇಷ್ಟು ಮಂದಿಗೆ ಮೊದಲ ಪೋಷಕನೂ ಕೊನೆಯ ಕಾವಲುಗಾರನೂ ಒಬ್ಬನೇ ಎಂಬುದು ಯೋಚಿಸಬೇಕಾದ ವಿಷಯ.

ಸಾರ್ತ್ರ್ ಜೆನೆಯಲ್ಲಿ ಸಂತನನ್ನು ಕಂಡ, ಮೇಲರ್ ಅಬಟ್‌ನಲ್ಲಿ ಪ್ರತಿಭೆಯನ್ನು ಕಂಡ. ಇಬ್ಬರ ಔದಾರ್ಯವೂ ನಿಜ. ಆದರೆ ಇಬ್ಬರೂ ಕಂಡದ್ದು ಬೆಳೆದು ನಿಂತ ಲೇಖಕನನ್ನು. ಸಹೃದಯನಾದವನು ಅಬಟ್‌ನ ಗ್ರಂಥವನ್ನು ಇಂದು ತೆರೆದರೆ ಚಾಕುವಿನ ಪುಟಗಳನ್ನು ಬೇಗ ದಾಟಿ, ಶಬ್ದಗಳನ್ನು ಕಿವಿಯಿಂದ ಕೇಳದೆ ಕಣ್ಣಿನಿಂದಲೇ ಕಲಿತ ಹುಡುಗನ ಪುಟಗಳಲ್ಲಿ ನಿಲ್ಲಲಿ. ಈ ಪುಸ್ತಕ ಉಳಿಯುವುದಾದರೆ ಅವುಗಳಿಂದ ಉಳಿಯುತ್ತದೆ.