ಬಡಗ ಭಾಷೆಯ ಸ್ವರಗಳೂ ಯಂತ್ರದ ಎಣಿಕೆಯೂ

ನೀಲಗಿರಿಯ ಬಡಗರ ಮಾತು ಕನ್ನಡಕ್ಕೆ ಅತಿ ಸಮೀಪದ್ದೆಂಬುದು ವಿದಿತವೇ ಇದೆ. ಆದರೆ ಅದರ ಸ್ವರಗಳು ಕನ್ನಡಿಗನ ಕಿವಿಗೆ ಹೊಸತು. ಎಮೆನೊ ಅವರು 1939ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಐದು ಸ್ವರಗುಣಗಳಲ್ಲಿ ಪ್ರತಿಯೊಂದಕ್ಕೂ ಸಾಮಾನ್ಯ, ಅರ್ಧಮೂರ್ಧನ್ಯ, ಪೂರ್ಣಮೂರ್ಧನ್ಯವೆಂಬ ಮೂರು ಅವಸ್ಥೆಗಳನ್ನು ತೋರಿಸಿದರು. ನಮ್ಮ ಬಾಯಿ, ಬಳೆ, ಬೆಳೆ ಎಂಬ ಮೂರು ಪದಗಳಿಗೆ ಸಂವಾದಿಯಾದವು ಅಲ್ಲಿ 'ಬೆ' ಎಂಬ ಒಂದೇ ಉಚ್ಚಾರದ ಮೂರು ಬಗೆಗಳಾಗಿ ನಿಂತಿವೆ. ಕನ್ನಡ ಉಳಿಸಿಕೊಂಡ ಳಕಾರವು ಅಲ್ಲಿ ಅಳಿದು, ನಾಲಗೆಯ ಸುರುಳಿ ಮಾತ್ರ ಸ್ವರಕ್ಕೆ ಅಂಟಿಕೊಂಡಿದೆ. ಧ್ವನಿಚಿತ್ರಕ ಯಂತ್ರವು ವಿದ್ವಾಂಸರ ಕೈಗೆ ಬಂದದ್ದು ಆ ಮೇಲೆ. ಎಮೆನೊ ನೆಚ್ಚಿದ್ದು ಕಿವಿಯನ್ನು.

ಇಂದು ಗಣಕಯಂತ್ರವೇ ಸ್ವರಗಳನ್ನು ಅಳೆದು ವರ್ಗೀಕರಿಸುತ್ತದೆ. ಬರಹ ವಿರಳವಾದ ಭಾಷೆಗಳಿಗೆ ಇದೊಂದು ವರವೆಂಬ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ಆಕ್ಷೇಪ ವಾಡಿಕೆಯ ಕ್ರಮದ ಮೇಲೆ. ಸ್ವರದ ಮೊದಲ ಎರಡು ಅನುರಣನಗಳನ್ನು ಹರ್ಟ್ಸ್‌ಗಳಲ್ಲಿ ಅಳೆದು ನಕ್ಷೆ ಬರೆಯುವುದೇ ರೂಢಿ. ಮೊದಲನೆಯದು ಬಾಯಿಯ ತೆರವನ್ನೂ ಎರಡನೆಯದು ನಾಲಗೆಯ ಮುಂದು ಹಿಂದುಗಳನ್ನೂ ಸ್ಥೂಲವಾಗಿ ತಿಳಿಸುತ್ತವೆ. ನಾಲಗೆ ಸುರುಳಿಗೊಂಡಾಗ ಮುಖ್ಯವಾಗಿ ಕುಗ್ಗುವುದಾದರೋ ಮೂರನೆಯ ಅನುರಣನ! ಅದನ್ನು ಕೈಬಿಟ್ಟು, ಐದು ಗುಂಪು ಮಾಡೆಂದು ಯಂತ್ರಕ್ಕೆ ಅಪ್ಪಣೆಯಿತ್ತರೆ ಅದು ಐದನ್ನೇ ಮಾಡಿಕೊಡುತ್ತದೆ; ಬಳೆಯೂ ಬೆಳೆಯೂ ಒಂದೇ ರಾಶಿಗೆ ಬೀಳುತ್ತವೆ. ತಾಳೆಪಟ್ಟಿಯ ಎರಡು ಮೊತ್ತಗಳು ಸರಿಹೋದ ಮಾತ್ರಕ್ಕೆ ಒಳಗಿನ ನಮೂದುಗಳೆಲ್ಲ ಸರಿಯೆನ್ನಲಾಗದೆಂಬುದನ್ನು ಬ್ಯಾಂಕಿನಲ್ಲಿ ಮೊದಲ ವರ್ಷವೇ ಕಲಿಯುತ್ತೇವೆ.

ಶೇಕಡಾವಾರು ಯಶಸ್ಸಿನ ಲೆಕ್ಕವೂ ಹಾಗೆಯೇ. ಪೀಟರ್ಸನ್ ಮತ್ತು ಬಾರ್ನಿ 1952ರಲ್ಲಿ 76 ಮಂದಿಯ ಇಂಗ್ಲಿಷ್ ಸ್ವರಗಳನ್ನು ಅಳೆದಾಗ, ಗಂಡಸರು, ಹೆಂಗಸರು, ಮಕ್ಕಳ ಸ್ವರಗಳು ನಕ್ಷೆಯಲ್ಲಿ ಒಂದರ ಮೇಲೊಂದು ಹರಡಿಕೊಂಡವು. ಯಾರ ಧ್ವನಿಯಿಂದ ಯಂತ್ರವನ್ನು ತರಬೇತುಗೊಳಿಸಿದೆವೋ ಅವರ ಧ್ವನಿಯಲ್ಲೇ ಪರೀಕ್ಷಿಸಿದರೆ, ಅದು ಭಾಷೆಯ ಸ್ವರವನ್ನು ಗುರುತಿಸಿತೋ ಮುನಿಯಮ್ಮನ ಕಂಠವನ್ನು ಗುರುತಿಸಿತೋ ಹೇಳಲಾಗದು. ಕೆಲವೇ ಮಂದಿಯ ಧ್ವನಿಮುದ್ರಣವಿರುವ ಭಾಷೆಗಳಲ್ಲಿ ಈ ಭ್ರಮೆಗೆ ಎಡೆ ಹೆಚ್ಚು.

ಎಮೆನೊ ಅವರ ಮೂರು ಮೆಟ್ಟಿಲುಗಳನ್ನೂ ಪ್ರಶ್ನಿಸಬಹುದು. 'ಅರ್ಧ' ಎಂಬುದು ನಿಜವಾಗಿ ಪ್ರತ್ಯೇಕ ಸ್ವರವೋ, ಸುರುಳಿಯ ಏರಿಳಿತದಲ್ಲಿ ಒಂದು ಬಿಂದುವೋ? ಇದನ್ನು ನಿರ್ಣಯಿಸಲು ಕಿವಿಗಿಂತ ಅಳತೆಯೇ ಸಮರ್ಥ. ಆದರೆ ಈಚಿನ ವಿದ್ವಾಂಸರ ಮಾತಿನಂತೆ ಈ ಭೇದ ಈಗ ಕೆಲವೇ ಪದಗಳಲ್ಲಿ, ಕೆಲವರ ಬಾಯಲ್ಲಿ ಮಾತ್ರ ಉಳಿದಿದೆ. ಆದುದರಿಂದ ಗುಂಪುಗಳ ಸಂಖ್ಯೆಯನ್ನು ಮುಂಚಿತವಾಗಿ ಗೊತ್ತುಮಾಡದೆ, ಮೂರನೆಯ ಅನುರಣನವನ್ನೂ ಸೇರಿಸಿ, ಮೊದಲು ಹಟ್ಟಿಗಳ ಹಿರಿಯರ ಧ್ವನಿಯನ್ನು ಮುದ್ರಿಸಿಕೊಳ್ಳಬೇಕು. ಆ ಬಳಿಕ ಅವರ ಮೊಮ್ಮಕ್ಕಳದನ್ನು.