ಪಟ್ಟಿ ಕಟ್ಟುವ ಮುಂಚಿನ ಐದು ನಿಮಿಷ

ತಾಲ್ಲೂಕು ಆಸ್ಪತ್ರೆಯಲ್ಲಿ ಅಮ್ಮನ ಬಿಪಿ ನೋಡುವುದಕ್ಕೆ ಒಂದು ನಿಮಿಷವೂ ಹಿಡಿಯುತ್ತಿರಲಿಲ್ಲ. ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಹೊರಟು, ಚೀಟಿ ಮಾಡಿಸಿ, ಮೆಟ್ಟಿಲು ಹತ್ತಿ, ಸಾಲಿನಲ್ಲಿ ನಿಂತು ಕೊನೆಗೆ ಸ್ಟೂಲಿನ ಮೇಲೆ ಕೂತ ಕೂಡಲೇ ಸ್ವೆಟರಿನ ತೋಳಿನ ಮೇಲೇ ಪಟ್ಟಿ ಸುತ್ತುತ್ತಿದ್ದರು. ಕೈ ಪಕ್ಕಕ್ಕೆ ಜೋತುಬಿದ್ದಿರುತ್ತಿತ್ತು. ಪಟ್ಟಿಗೆ ಗಾಳಿ ತುಂಬುತ್ತಿರುವಾಗಲೇ “ಮಾತ್ರೆ ತಗೊಂತಿದ್ದೀರಾ ಅಮ್ಮ? ಉಪ್ಪು ಕಮ್ಮಿ ಮಾಡಿದ್ದೀರಾ?” ಎಂಬ ಪ್ರಶ್ನೆ, ಅದಕ್ಕೆ ಅಮ್ಮನ ಉತ್ತರ. ಹೋದ ಚಳಿಗಾಲದಲ್ಲಿ ಒಂದು ದಿನ ಹೀಗೆ ಬಂದ ಅಂಕಿ 168/96. ಅದೇ ಚೀಟಿಗೆ ಹೋಯಿತು, ಚೀಟಿ ನೋಡಿದ ಡಾಕ್ಟರು ಇನ್ನೊಂದು ಮಾತ್ರೆ ಸೇರಿಸಿದರು. ಎಂಟು ದಿನ ಕಳೆಯುವುದರೊಳಗೆ, ರಾತ್ರಿ ಬಚ್ಚಲಿಗೆಂದು ಎದ್ದ ಅಮ್ಮ ತಲೆ ಸುತ್ತಿ, ಬಾಗಿಲ ಚೌಕಟ್ಟು ಹಿಡಿದುಕೊಂಡು ಕುಸಿದಳು.

ಮೂಳೆ ಮುರಿಯಲಿಲ್ಲ, ಅದು ನಮ್ಮ ಪುಣ್ಯ. ಆದರೆ ಬಿಪಿ ರೋಗಿಗಳ ಶುಶ್ರೂಷೆ ಎಂದು ನಾವು ಕರೆಯುವುದರಲ್ಲಿ ಶುಶ್ರೂಷೆ ಎಷ್ಟಿದೆ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಬಿಪಿ ನೋಡುವ ಕ್ರಮ ಗುಟ್ಟಿನ ವಿದ್ಯೆಯಲ್ಲ. ನರ್ಸಿಂಗ್ ಓದುವ ಪ್ರತಿ ವಿದ್ಯಾರ್ಥಿಗೂ ಅದು ಬಾಯಿಪಾಠ. ಅರ್ಧ ಗಂಟೆ ಮುಂಚಿನಿಂದ ಕಾಫಿ, ಟೀ, ತಂಬಾಕು ಇಲ್ಲ. ಮೂತ್ರಕ್ಕೆ ಹೋಗಿ ಬಂದಿರಬೇಕು. ಬೆನ್ನಿಗೆ ಒರಗು ಕೊಟ್ಟು, ಪಾದ ನೆಲಕ್ಕೂರಿ, ಕಾಲ ಮೇಲೆ ಕಾಲು ಹಾಕದೆ ಐದು ನಿಮಿಷ ಸುಮ್ಮನೆ ಕೂತಿರಬೇಕು. ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಬೇಕು, ಪಟ್ಟಿ ಬರಿ ತೋಳಿಗೆ ಬೀಳಬೇಕು, ನೋಡುವಾಗ ಇಬ್ಬರೂ ಮಾತಾಡಬಾರದು. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ ಸರಾಸರಿ ಬರೆಯಬೇಕು. ಕೈ ಜೋತುಬಿದ್ದಿದ್ದರೆ, ಮಾತಾಡುತ್ತಿದ್ದರೆ, ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಒಂದೊಂದಕ್ಕೂ ಅಂಕಿ ಮೇಲೇರುತ್ತದೆ. ತೋಳು ಹೃದಯದ ಮಟ್ಟಕ್ಕಿಂತ 10 ಸೆಂಟಿಮೀಟರ್ ಕೆಳಗಿದ್ದರೆ ಸುಮಾರು 7-8 ಮಿ.ಮೀ. ಹೆಚ್ಚು ತೋರಿಸುತ್ತದೆ. 140/90 ಎಂಬ ಗೆರೆಯ ಆಚೆ ಈಚೆ ನೋಡಿ ಮಾತ್ರೆ ನಿರ್ಧಾರವಾಗುವ ರೋಗದಲ್ಲಿ ಇವು ಸಣ್ಣ ತಪ್ಪುಗಳಲ್ಲ. ಇಂಥ ಎರಡು ತಪ್ಪು ಸೇರಿದರೆ, ಬೇಡದವರಿಗೆ ಜೀವಮಾನದ ಮಾತ್ರೆ ಗಂಟುಬೀಳಬಹುದು.

ತಪ್ಪು ಇನ್ನೊಂದು ದಿಕ್ಕಿನಲ್ಲೂ ಆಗುತ್ತದೆ. ರಿಜಿಸ್ಟರಿನ ಯಾವುದೋ ಪುಟ ತೆರೆದು ನೋಡಿ: 120/80, 130/80, 130/80, 140/90. ನಲವತ್ತು ಜನರ ರಕ್ತದೊತ್ತಡವೆಲ್ಲ ಸೊನ್ನೆಯಲ್ಲೇ ಮುಗಿಯುವುದು ಸಾಧ್ಯವಿಲ್ಲದ ಮಾತು. ಅದು ಅಳತೆಯಲ್ಲ, ಅಂದಾಜು. ನಿಕೊಲಾಯ್ ಕೊರೊಟ್ಕಾಫ್ ಎಂಬ ರಷ್ಯದ ವೈದ್ಯ 1905ರಲ್ಲಿ, ಪಟ್ಟಿ ಸಡಿಲವಾಗುತ್ತಿದ್ದಂತೆ ತೋಳಿನ ನಾಳದಲ್ಲಿ ಕೇಳುವ ಸದ್ದನ್ನು ಗುರುತಿಸಿ ಹೇಳಿದ್ದರಿಂದಲೇ ಮೇಲಿನ ಅಂಕಿ, ಕೆಳಗಿನ ಅಂಕಿ ಎರಡೂ ನಮಗೆ ಸಿಕ್ಕಿದ್ದು. ಸ್ಟೆತಾಸ್ಕೋಪ್ ಇಟ್ಟು ಆ ಸದ್ದಿಗೆ ಕಿವಿಗೊಡುವ ತಾಳ್ಮೆ ಇಲ್ಲದಿದ್ದರೆ ಉಳಿಯುವುದು ಖಾನೆ ತುಂಬುವ ಕೆಲಸವೊಂದೇ.

ಇದನ್ನು ಸಿಸ್ಟರುಗಳ ಸೋಮಾರಿತನ ಎಂದು ಬರೆದು ಕೈತೊಳೆದುಕೊಂಡರೆ ಅನ್ಯಾಯ. ಆ ಮೇಜಿನ ಮುಂದೆ ಒಂದು ಬೆಳಗಿಗೆ ನೂರಕ್ಕೂ ಮೇಲೆ ಜನ ಇರುವುದನ್ನು ಕಂಡಿದ್ದೇನೆ. ಒಬ್ಬರೇ ಸಿಸ್ಟರ್. ಬಿಪಿ ನೋಡಿ, ಶುಗರ್ ನೋಡಿ, ಪುಸ್ತಕದಲ್ಲಿ ಬರೆದು, ಅದನ್ನೇ ಮತ್ತೆ ಟ್ಯಾಬಿನಲ್ಲಿ ಒತ್ತಬೇಕು. ಒಬ್ಬೊಬ್ಬರಿಗೆ ಐದು ನಿಮಿಷ ಎಲ್ಲಿಂದ ತರುತ್ತಾರೆ? ಆದರೆ ಆ ಐದು ನಿಮಿಷ ಸಿಸ್ಟರ್ ಕೊಡಬೇಕಾದ ಸಮಯವಲ್ಲ, ರೋಗಿ ಕೂತಿರಬೇಕಾದ ಸಮಯ. ಸಾಲಿನಲ್ಲಿ ನಿಲ್ಲಿಸುವ ಬದಲು ಗೋಡೆ ಪಕ್ಕ ಒರಗು ಇರುವ ಹತ್ತು ಕುರ್ಚಿ ಹಾಕಿಸಿದರೆ ಆಯಿತು. ನಿಂತು ಕಾಯುವ ಅರ್ಧ ಗಂಟೆಯಲ್ಲೇ ಅದು ಸಿಕ್ಕಿಬಿಡುತ್ತದೆ. ಇದು ವ್ಯವಸ್ಥೆ ಮಾಡುವವರ ತಪ್ಪು, ನನಗೆ ಅದರಲ್ಲಿ ಅನುಮಾನವಿಲ್ಲ.

ಅಮ್ಮ ಕುಸಿದ ಮಾರನೆಯ ದಿನ ಊರಿನ ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ ಕರೆದುಕೊಂಡು ಹೋದೆ. ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿ ನರ್ಸಿಂಗ್ ಓದಿದ ಹುಡುಗಿ. ಮೊದಲು “ಬಾತ್‌ರೂಮಿಗೆ ಹೋಗ್ಬೇಕಾ ಅಜ್ಜಿ?” ಎಂದು ಕೇಳಿದಳು. ಹೋಗಿ ಬಂದ ಮೇಲೆ ಕೂರಿಸಿ, ಸ್ವೆಟರ್ ತೆಗೆಸಿ, ಮೇಜಿನ ಮೇಲೆ ಒಂದು ದಿಂಬಿಟ್ಟು ಅದರ ಮೇಲೆ ಅಮ್ಮನ ಕೈ ಇಟ್ಟಳು. ಎರಡು ಸಲ ನೋಡಿದಾಗ 138/84ರ ಆಸುಪಾಸು. ಆಮೇಲೆ ಎದ್ದು ನಿಲ್ಲಿಸಿ ನೋಡಿದಳು, 112/70. ಎದ್ದು ನಿಂತಾಗ ಮೇಲಿನ ಅಂಕಿ 20 ಇಳಿದರೂ ಎಚ್ಚರ ಬೇಕು, ಇಲ್ಲಿ 26 ಇಳಿದಿತ್ತು. ತಾನಾಗಿ ಯಾವ ಮಾತ್ರೆಯನ್ನೂ ನಿಲ್ಲಿಸದೆ, ಅಲ್ಲೇ ಕೂತು ಡಾಕ್ಟರಿಗೆ ಫೋನು ಮಾಡಿದಳು.

ನಂತರ ಅವಳು ಕೇಳಿದ ಪ್ರಶ್ನೆಗಳನ್ನು ಆರು ವರ್ಷದಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. “ಮಾತ್ರೆ ಶೀಟ್ ತೋರ್ಸಿ ಅಜ್ಜಿ” ಎಂದು ಇಸಿದುಕೊಂಡು ಎಣಿಸಿದಳು. ಒಂಬತ್ತು ಹೆಚ್ಚಿಗೆ ಉಳಿದಿದ್ದವು. ಬೈಯಲಿಲ್ಲ. “ಯಾವತ್ತು ಬಿಟ್ಟುಹೋಗತ್ತೆ?” ಎಂದಳು. ಅಮ್ಮ ತಡವರಿಸಿ ಹೇಳಿದಳು: ಸೋಮವಾರ ಒಪ್ಪತ್ತು, ಏಕಾದಶಿ ಉಪವಾಸ. ಬರಿಹೊಟ್ಟೆಯಲ್ಲಿ ಮಾತ್ರೆ ನುಂಗಬಾರದಲ್ಲ ಅಂತ. ಶುಗರ್ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರಬೇಕಲ್ಲ, ಹಾಗಾಗಿ ಆಸ್ಪತ್ರೆಗೆ ಹೋಗುವ ದಿನವೂ ಬೆಳಗಿನ ಮಾತ್ರೆ ಇಲ್ಲ. ಆ 168 ಎಲ್ಲಿಂದ ಬಂತೆಂದು ನನಗೆ ಆಗ ಅರ್ಥವಾಯಿತು. ಅಮ್ಮ ತೆಗೆದುಕೊಳ್ಳುವ ಅಮ್ಲೋಡಿಪಿನ್ನಿಗೆ ಊಟದ ಹಂಗಿಲ್ಲ, ಬರಿಹೊಟ್ಟೆಯಲ್ಲೂ ನುಂಗಬಹುದು. ಈ ಒಂದು ವಾಕ್ಯವನ್ನು ಹೇಳುವವರು ಸಿಗಲು ಆರು ವರ್ಷ ಬೇಕಾಯಿತು.

ಶುಶ್ರೂಷೆ ಎಂಬ ಸಂಸ್ಕೃತ ಪದದ ಮೂಲ ಅರ್ಥ ಕೇಳುವ ಇಚ್ಛೆ. ಸೇವೆ, ಉಪಚಾರ ಎಂಬ ಅರ್ಥಗಳು ಆಮೇಲೆ ಬಂದವು. ಬಿಪಿಯಂಥ ಕಾಯಿಲೆಗೆ ಈ ಮೊದಲ ಅರ್ಥವೇ ಸರಿ. ಇದರಲ್ಲಿ ಕಟ್ಟಬೇಕಾದ ಗಾಯವಿಲ್ಲ, ನೋವೂ ಇಲ್ಲ. ಪಾರ್ಶ್ವವಾಯು, ಹೃದಯಾಘಾತ, ಕಿಡ್ನಿ ವೈಫಲ್ಯ ಬರುವ ತನಕ ರೋಗಿಗೆ ತಾನು ರೋಗಿ ಅನ್ನಿಸುವುದೇ ಇಲ್ಲ. ತಲೆ ಸುತ್ತಿಲ್ಲ, ತಲೆನೋವಿಲ್ಲ, ಬಿಪಿ ಸರಿಹೋಯಿತು ಎಂದು ಮಾತ್ರೆ ಬಿಡುತ್ತಾರೆ. ಪಾದ ಊದಿಕೊಂಡಿತೆಂದು ಯಾರಿಗೂ ಹೇಳದೆ ನಿಲ್ಲಿಸುತ್ತಾರೆ. ಅದು ಅಮ್ಲೋಡಿಪಿನ್ನಿನ ಅಡ್ಡ ಪರಿಣಾಮವಿರಬಹುದು, ಡಾಕ್ಟರು ಮಾತ್ರೆ ಬದಲಾಯಿಸಬಲ್ಲರು ಎಂದು ಹೇಳುವ ಜಾಗ ಸಿಸ್ಟರಿನ ಮೇಜೇ.

ನಮ್ಮ ನರ್ಸಿಂಗ್ ಶಿಕ್ಷಣದ ಮೇಲೆ ನನ್ನ ದೂರು ಇಲ್ಲೇ. ವಿದ್ಯಾರ್ಥಿನಿಯರು ಬರೆಯುವ ಕೇರ್ ಪ್ಲಾನ್ ಪುಸ್ತಕಗಳನ್ನು ನೋಡಿದ್ದೇನೆ. ‘ಜ್ಞಾನದ ಕೊರತೆ’ ಎಂಬ ನಿರ್ಣಯ, ‘ಕಡಿಮೆ ಉಪ್ಪಿನ ಆಹಾರದ ಬಗ್ಗೆ ತಿಳಿವಳಿಕೆ ನೀಡಲಾಯಿತು’ ಎಂಬ ಉಪಚಾರ, ‘ರೋಗಿ ಅರ್ಥ ಮಾಡಿಕೊಂಡರು’ ಎಂಬ ಫಲಿತಾಂಶ. ಹೆಸರು ಬದಲಾದರೂ ಸಾಲುಗಳು ಬದಲಾಗುವುದಿಲ್ಲ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದೇ ಪಾತ್ರೆಯಲ್ಲಿ ಆರು ಜನಕ್ಕೆ ಸಾರು ಮಾಡುವ ಮನೆಯಲ್ಲಿ ಅದನ್ನು ತೂಗುವುದು ಹೇಗೆ? “ಉಪ್ಪು ಕಮ್ಮಿ ಮಾಡಿ” ಎಂದರೆ ಅಮ್ಮ “ಮೇಲೆ ಹಾಕ್ಕೊಳ್ಳೋದೇ ಇಲ್ಲ” ಎನ್ನುತ್ತಾಳೆ, ಅದು ನಿಜವೂ ಹೌದು. ಆ ಹುಡುಗಿ ಕೇಳಿದ್ದು, “ಊಟಕ್ಕೆ ಏನು ನಂಜ್ಕೊಳ್ತೀರಾ?” ಆಗ ಹೊರಬಂದವು ಮಾವಿನ ಮಿಡಿ, ಮಜ್ಜಿಗೆ ಮೆಣಸು, ಸಂಡಿಗೆ. ಈ ಪ್ರಶ್ನೆ ಯಾವ ಕೇರ್ ಪ್ಲಾನಿನಲ್ಲೂ ನನಗೆ ಕಂಡಿಲ್ಲ.

ಒಳ್ಳೆಯದನ್ನೂ ಹೇಳಬೇಕು. 2017ರಲ್ಲಿ ಶುರುವಾದ ಭಾರತ ಅಧಿಕ ರಕ್ತದೊತ್ತಡ ನಿಯಂತ್ರಣ ಉಪಕ್ರಮ ಸರಳವಾದ ಒಂದೇ ಔಷಧ ಕ್ರಮ, ಒಮ್ಮೆಗೆ ತಿಂಗಳ ಮಾತ್ರೆ, ಸಿಸ್ಟರುಗಳೂ ಸೇರಿದ ತಂಡ ಎಂಬ ಸರಿಯಾದ ದಾರಿ ಹಿಡಿಯಿತು. ಎಷ್ಟು ಜನರನ್ನು ನೋಂದಾಯಿಸಿದಿರಿ ಎಂದಷ್ಟೇ ಅಲ್ಲ, ಅವರಲ್ಲಿ ಎಷ್ಟು ಜನರ ಬಿಪಿ 140/90ರ ಒಳಗಿದೆ, ಎಷ್ಟು ಜನ ಬರುವುದನ್ನು ಬಿಟ್ಟರು ಎಂದೂ ಅದು ಲೆಕ್ಕ ಕೇಳಿತು. ಕರ್ನಾಟಕ 2024ರಲ್ಲಿ ಕೋಲಾರದಿಂದ ಆರಂಭಿಸಿದ ಗೃಹ ಆರೋಗ್ಯ ಯೋಜನೆ ಮನೆಬಾಗಿಲಿಗೇ ಹೋಗಿ 30 ದಾಟಿದವರ ಬಿಪಿ, ಶುಗರ್ ನೋಡುತ್ತದೆ. ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾದ ಹಳ್ಳಿಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆರೋಗ್ಯ ಕಾರ್ಯಕರ್ತೆಯರು ಮನೆಗೆ ಹೋಗಿ ಬಿಪಿ ನೋಡಿ ಮಾತಾಡಿಸಿ ಬಂದ ಕಡೆ, ಮಾಮೂಲಿ ಚಿಕಿತ್ಸೆಗಿಂತ ಮೇಲಿನ ಅಂಕಿ ಸರಾಸರಿ ಸುಮಾರು 5 ಮಿ.ಮೀ. ಹೆಚ್ಚು ಇಳಿದಿತ್ತು. ಮನೆಗೆ ಹೋಗುವುದು ಫಲ ಕೊಡುತ್ತದೆ. ಆದರೆ ಮನೆಬಾಗಿಲಲ್ಲೂ ನಿಂತಲ್ಲೇ ಪಟ್ಟಿ ಕಟ್ಟಿ ಅಂಕಿ ಬರೆದುಕೊಂಡು ಹೊರಟರೆ ತಾಲ್ಲೂಕು ಆಸ್ಪತ್ರೆಯ ಮೇಜನ್ನೇ ಊರಿಗೆ ಹೊತ್ತು ತಂದಂತಾಗುತ್ತದೆ. ಈ ಯೋಜನೆಯನ್ನು ನೋಡಿದ ಮನೆಗಳ ಸಂಖ್ಯೆಯಿಂದ ಅಳೆಯಬೇಡಿ, ವರ್ಷದ ಕೊನೆಗೆ ಬಿಪಿ ಹತೋಟಿಯಲ್ಲಿರುವವರ ಸಂಖ್ಯೆಯಿಂದ ಅಳೆಯಿರಿ.

ಅಮ್ಮನಿಗೆ ಈಗ ಮೊದಲಿನ ಒಂದೇ ಮಾತ್ರೆ, ಏಕಾದಶಿಯ ದಿನವೂ ತಪ್ಪುವುದಿಲ್ಲ. ನಿಮ್ಮ ಮನೆಯ ಹಿರಿಯರನ್ನು ಕರೆದುಕೊಂಡು ಹೋದಾಗ “ಸಿಸ್ಟರ್, ಐದು ನಿಮಿಷ ಕೂತಿದ್ದು ಆಮೇಲೆ ತೋರಿಸ್ತೀವಿ” ಎಂದು ಹೇಳಿ. ಕುರ್ಚಿ ಇಲ್ಲದಿದ್ದರೆ ಆರೋಗ್ಯ ರಕ್ಷಾ ಸಮಿತಿಗೆ ಬರೆದು ಕೇಳಿ.