ಗುಂಡಗಿಲ್ಲದ್ದರ ದನಿ

ನುಸಿಗುಳಿಗೆಗೆ ಬಳಸುವ ಪ್ಯಾರಾಡೈಕ್ಲೋರೋಬೆಂಜೀನನ್ನು ತಂತಿಸುರುಳಿಯೊಳಗಿಟ್ಟು, ರೇಡಿಯೋ ಕಂಪನಾಂಕವನ್ನು ಮೆಲ್ಲಗೆ ಬದಲಿಸುತ್ತ ಹೋಗಿ. ಕೋಣೆಯ ಉಷ್ಣತೆಯಲ್ಲಿ, ಸುಮಾರು 34.3 ಮೆಗಾಹರ್ಟ್ಜ್ ಬಳಿ, ಕ್ಲೋರೀನ್-35 ಓಗೊಡುತ್ತದೆ. ಎನ್‌ಎಂಆರ್‌ಗೆ (ನ್ಯೂಕ್ಲಿಯಸ್‌ಗಳ ಕಾಂತೀಯ ಅನುರಣನಕ್ಕೆ) ಬೇಕಾಗುವ ಭಾರಿ ಅಯಸ್ಕಾಂತ ಇಲ್ಲಿ ಬೇಡ. ಕ್ಲೋರೀನಿನ ನ್ಯೂಕ್ಲಿಯಸ್ ಪೂರ್ತಿ ಗುಂಡಗಿಲ್ಲ. ಎಲೆಕ್ಟ್ರಾನುಗಳ ಏರುಪೇರಾದ ವಿದ್ಯುತ್ ಕ್ಷೇತ್ರದಲ್ಲಿ ಅದು ಯಾವ ಕಡೆ ವಾಲಿದೆ ಎಂಬುದರ ಮೇಲೆ ಅದರ ಶಕ್ತಿ ಬದಲಾಗುತ್ತದೆ. ಅಷ್ಟೇ ಸಾಕು.

ಭೌತವಿಜ್ಞಾನಿಗಳಾದ ಡೆಮೆಲ್ಟ್ ಮತ್ತು ಕ್ರೂಗರ್ ಈ ಬಗೆಯ ಅನುರಣನವನ್ನು ಗೋಟಿಂಗೆನ್‌ನಲ್ಲಿ ಹಿಡಿದು 1950ರಲ್ಲಿ ಪ್ರಕಟಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಭೌತವಿಜ್ಞಾನ ವಿಭಾಗದಲ್ಲಿ ಜೆ. ರಾಮಕೃಷ್ಣ ಮತ್ತವರ ವಿದ್ಯಾರ್ಥಿಗಳೂ ಈ ಕಸುಬು ಮಾಡಿದರು.

ತೊಡಕೊಂದಿದೆ. ಕೇಳಿಸುವುದು ಬರಿಯ ಆಕಾರವಲ್ಲ, ಆಕಾರ ಮತ್ತು ಕ್ಷೇತ್ರದ ಏರುಪೇರು ಇವೆರಡರ ಗುಣಲಬ್ಧ. ಎರಡನೆಯದನ್ನು ಲೆಕ್ಕ ಹಾಕುವುದು ತಲೆನೋವಿನ ಕೆಲಸ. ಆದರೆ ಅದೇ ಹರಳಿನಲ್ಲಿ ಕ್ಲೋರೀನ್-37 ಕೂಡ ಇದೆ. ಅದು ಸುಮಾರು 27 ಮೆಗಾಹರ್ಟ್ಜ್‌ನಲ್ಲಿ ದನಿಗೊಡುತ್ತದೆ. ಎರಡಕ್ಕೂ ಎಲೆಕ್ಟ್ರಾನುಗಳ ನೆರೆ ಒಂದೇ. ಒಂದನ್ನು ಇನ್ನೊಂದರಿಂದ ಭಾಗಿಸಿ: ಕ್ಷೇತ್ರ ಹೊಡೆದುಹೋಗುತ್ತದೆ, ಎರಡು ನ್ಯೂಕ್ಲಿಯಸ್‌ಗಳ ವಿರೂಪದ ಅನುಪಾತ ಉಳಿಯುತ್ತದೆ. ಸುಮಾರು 1.27! ಶಾಲೆಯ ಭಾಗಾಕಾರ ಇಷ್ಟು ಆಳಕ್ಕೆ ಇಳಿದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆಕಾರ ಚಪ್ಪಟೆಯೋ ನೀಳವೋ ಎಂಬುದನ್ನು ಮಾತ್ರ ಈ ಕಂಪನಾಂಕ ಹೇಳುವುದಿಲ್ಲ.